ಗಿಟಾರ್ ಪ್ರಶ್ನೋತ್ತರ: ಸ್ಯಾಡಲ್ ಹೊಂದಿಸುವುದು, ಬದಲಿಸುವುದು

ಈ ಸಲದ ಪತ್ರಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ ಸ್ಯಾಡಲ್‌ಗೆ ಸಂಬಂಧಿಸಿದವು. ಬ್ರಿಡ್ಜ್ ಮೇಲೆ ತಂತಿ ಕೂರುವ ಪುಟ್ಟ ತುಂಡೇ ಸ್ಯಾಡಲ್. ತಂತಿಯ ಎತ್ತರವನ್ನೂ ಮಿಡಿಯುವ ಭಾಗದ ಉದ್ದವನ್ನೂ ಇದೇ ತೀರ್ಮಾನಿಸುತ್ತದೆ. ಯಾವ ಸ್ಯಾಡಲ್ ಕೊಳ್ಳಲಿ ಎಂದು ಹಲವರು ಕೇಳಿದ್ದೀರಿ. ಅವರಲ್ಲಿ ಹೆಚ್ಚಿನವರು ಏನೂ ಕೊಳ್ಳಬೇಕಿಲ್ಲ. ಇರುವುದನ್ನೇ ಸರಿಯಾದ ಕ್ರಮದಲ್ಲಿ ಹೊಂದಿಸಿಕೊಂಡರೆ ಸಾಕು.

ಪ್ರಶ್ನೆ: ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್ ಇದೆ. ಓಪನ್ ತಂತಿಗಳೆಲ್ಲ ಟ್ಯೂನರ್‌ನಲ್ಲಿ ಸರಿಯಾಗಿಯೇ ತೋರಿಸುತ್ತವೆ. ಆದರೆ 9–10ನೇ ಫ್ರೆಟ್‌ನಿಂದ ಮೇಲೆ ಕಾರ್ಡ್ ಹಿಡಿದರೆ ಅಪಶ್ರುತಿ. ಸ್ಯಾಡಲ್ ಸ್ಕ್ರೂ ತಿರುಗಿಸಿ ನೋಡಿದೆ, ಇನ್ನೂ ಕೆಟ್ಟಿತು. ಏನು ಮಾಡಲಿ? — ಹುಬ್ಬಳ್ಳಿಯ ಓದುಗರು

ಉತ್ತರ: ಇಂಟೊನೇಷನ್ ಕೆಟ್ಟಿದೆ ಎನ್ನುವುದು ಇದನ್ನೇ. ಸ್ಕ್ರೂ ತಿರುಗಿಸಿದ್ದು ತಪ್ಪಲ್ಲ, ಆದರೆ ಅದು ಕೊನೆಯ ಕೆಲಸ. ಅದಕ್ಕೂ ಮುಂಚೆ ಮೂರು ಕೆಲಸ ಮುಗಿದಿರಬೇಕು.

ಮೊದಲು ಹೊಸ ತಂತಿ ಹಾಕಿ, ಕೈಯಿಂದ ಎಳೆದೆಳೆದು ಶ್ರುತಿ ನಿಲ್ಲುವವರೆಗೆ ಹದ ಮಾಡಿ. ಹಳೆಯ ತಂತಿ ಫ್ರೆಟ್ ತಾಗುವಲ್ಲೆಲ್ಲ ಸವೆದು, ಬೆವರು ಹಿಡಿದು, ಒಂದೊಂದು ಕಡೆ ಒಂದೊಂದು ದಪ್ಪವಾಗಿರುತ್ತದೆ. ಅಂಥದ್ದನ್ನು ಯಾವ ಸ್ಯಾಡಲ್ಲೂ ಸರಿಮಾಡದು.

ಆಮೇಲೆ ಕುತ್ತಿಗೆಯ ಬಾಗು. 1ನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿ, 6ನೇ ತಂತಿಯನ್ನು, ಅಂದರೆ ಅತಿ ದಪ್ಪದ್ದನ್ನು, ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು, 8ನೇ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ತೆಳು ಲೋಹದ ಎಲೆಗಳಿಂದ ಸಂದು ಅಳೆಯುವ ಈ ಗೇಜ್ ವಾಹನ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತದೆ, ಸಂಗೀತದ ಅಂಗಡಿಗೇ ಹೋಗಬೇಕಿಲ್ಲ. ಫಿಂಗರ್‌ಬೋರ್ಡ್‌ನ ಕಮಾನು 9.5ರಿಂದ 12 ಇಂಚು ರೇಡಿಯಸ್‌ನದಾದರೆ ಸ್ಟ್ರಾಟೊಕಾಸ್ಟರ್ ತಯಾರಿಸುವ ಫೆಂಡರ್ ಕಂಪನಿ ಹೇಳುವ ಸಂದು 0.25 ಮಿ.ಮೀ.

ಮೂರನೆಯದು ಎತ್ತರ. 17ನೇ ಫ್ರೆಟ್‌ನ ತಲೆಯಿಂದ ತಂತಿಯ ತಳಕ್ಕೆ 1.6 ಮಿ.ಮೀ ಇರಲಿ. ಸ್ಯಾಡಲ್‌ನ ಎರಡೂ ಪುಟ್ಟ ಸ್ಕ್ರೂಗಳನ್ನು ಸಮವಾಗಿ ತಿರುಗಿಸಿ. ಒಂದೇ ಕಡೆ ಎತ್ತಿದರೆ ಸ್ಯಾಡಲ್ ವಾಲಿ ತಂತಿ ಬದಿಗೆ ಜಾರುತ್ತದೆ. ಎಂ3 (3 ಮಿ.ಮೀ ವ್ಯಾಸದ) ಸ್ಕ್ರೂ ಒಂದು ಸುತ್ತಿಗೆ ಸ್ಯಾಡಲ್‌ ಅನ್ನು 0.5 ಮಿ.ಮೀ ಎತ್ತುತ್ತದೆ, 17ನೇ ಫ್ರೆಟ್‌ನಲ್ಲಿ ಅದು ಸುಮಾರು 0.3 ಮಿ.ಮೀ ಆಗಿ ಕಾಣುತ್ತದೆ. ಕಾಲು ಸುತ್ತು, ಅರ್ಧ ಸುತ್ತು, ಹೀಗೆ ನಿಧಾನವಾಗಿ ಹೋಗಿ.

ಇಷ್ಟಾದ ಮೇಲೆ ಇಂಟೊನೇಷನ್. ಗಿಟಾರನ್ನು ಮೇಜಿನ ಮೇಲೆ ಮಲಗಿಸಬೇಡಿ, ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಓಪನ್ ತಂತಿಯನ್ನು ಶ್ರುತಿ ಮಾಡಿ. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಮೀಟಿದ ಸ್ವರ) ನುಡಿಸಿ, ಆಮೇಲೆ ಅದೇ ಫ್ರೆಟ್ಟನ್ನು ಹಗುರವಾಗಿ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಅಂದರೆ ಕುತ್ತಿಗೆಯಿಂದ ದೂರ ಹೋಗಬೇಕು. ಇಳಿದಿದ್ದರೆ ಮುಂದಕ್ಕೆ. ಸ್ಟ್ರಾಟ್ ಮಾದರಿಯಲ್ಲಿ ಹಿಂಬದಿಯ ಸ್ಕ್ರೂ ಬಿಗಿ ಮಾಡಿದರೆ ಸ್ಯಾಡಲ್ ಹಿಂದಕ್ಕೆ ಬರುತ್ತದೆ. ನೀವು ಬಹುಶಃ ಉಲ್ಟಾ ತಿರುಗಿಸಿರಬೇಕು.

ಎಷ್ಟು ಸರಿಸಬೇಕೆಂಬುದಕ್ಕೂ ಲೆಕ್ಕವಿದೆ. ಸ್ಟ್ರಾಟ್‌ನ ಸ್ಕೇಲ್ ಉದ್ದ, ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ, 648 ಮಿ.ಮೀ. ಅದರಲ್ಲಿ ಒಂದು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ವ್ಯತ್ಯಾಸಕ್ಕೆ ಸ್ಯಾಡಲ್ ಸರಿಯಬೇಕಾದದ್ದು ಸುಮಾರು 0.37 ಮಿ.ಮೀ. ಟ್ಯೂನರ್ 5 ಸೆಂಟ್ ಏರಿಕೆ ತೋರಿಸಿದರೆ 1.9 ಮಿ.ಮೀ ಹಿಂದಕ್ಕೆ, ಎಂ3 ಸ್ಕ್ರೂನಲ್ಲಿ ನಾಲ್ಕು ಸುತ್ತಿಗೆ ತುಸು ಕಡಿಮೆ. ಕಾಲು ಸುತ್ತು ತಿರುಗಿಸಿ ಏನೂ ಬದಲಾಗಲಿಲ್ಲ ಎಂದು ಬೇಸರ ಪಡುವವರು ಇದನ್ನು ನೆನಪಿಟ್ಟುಕೊಳ್ಳಿ. ಪ್ರತಿ ಸಲ ತಂತಿ ಸಡಿಲಿಸಿ, ಸ್ಯಾಡಲ್ ಸರಿಸಿ, ಮತ್ತೆ ಓಪನ್ ಶ್ರುತಿ ಮಾಡಿಯೇ ಪರೀಕ್ಷಿಸಿ. ಬಿಗಿ ತಂತಿಯ ಕೆಳಗೆ ಸ್ಯಾಡಲ್ ಎಳೆದರೆ ಸ್ಕ್ರೂ ತಲೆಯ ಗೀಟು ಕಿತ್ತುಬರುತ್ತದೆ.

ಮುಗಿದಾಗ ಆರೂ ಸ್ಯಾಡಲ್‌ಗಳ ಸಾಲು ಎರಡು ಮೆಟ್ಟಿಲಿನ ಹಾಗೆ ಕಾಣಬೇಕು. 1ನೇ ತಂತಿಯದು ಎಲ್ಲಕ್ಕಿಂತ ಮುಂದೆ, 2 ಮತ್ತು 3ನೆಯವು ಒಂದೊಂದೇ ಹೆಜ್ಜೆ ಹಿಂದೆ. 4ನೆಯದು ಮತ್ತೆ ಮುಂದೆ ಬಂದು, 5 ಮತ್ತು 6ನೆಯವು ಪುನಃ ಹಿಂದಕ್ಕೆ. ನಿಮ್ಮ ಸಾಲು ಇದಕ್ಕೆ ತೀರ ಬೇರೆಯಾಗಿದ್ದರೆ ಅಳತೆಯಲ್ಲೋ ತಂತಿಯಲ್ಲೋ ಏನೋ ಎಡವಟ್ಟಾಗಿದೆ.

12ನೇ ಫ್ರೆಟ್ ಸರಿಯಾಗಿದ್ದೂ ಮೊದಲ ಮೂರು ಫ್ರೆಟ್‌ಗಳಲ್ಲಿ ಸ್ವರ ಏರುತ್ತಿದ್ದರೆ ತಪ್ಪು ನಟ್‌ನದು, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯದು. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ 1ನೇ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟೇ ಸಂದು ಉಳಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ ನಟ್‌ನ ಗೀರನ್ನು ಆಳಕ್ಕೆ ಇಳಿಸಬೇಕು, ಸ್ಯಾಡಲ್ ಮುಟ್ಟಬಾರದು.

ಪ್ರಶ್ನೆ: 6ನೇ ತಂತಿಯ ಸ್ಯಾಡಲ್ ಪೂರ್ತಿ ಹಿಂದಕ್ಕೆ ಹೋಗಿ ಸ್ಪ್ರಿಂಗ್ ಒತ್ತಿಕೊಂಡು ನಿಂತಿದೆ. ಆದರೂ 12ನೇ ಫ್ರೆಟ್ 4 ಸೆಂಟ್ ಏರಿಯೇ ಇದೆ. — ಮೈಸೂರಿನ ಓದುಗರು

ಉತ್ತರ: ಆ ಒಂದು ಸ್ಪ್ರಿಂಗ್ ತೆಗೆದು ಅರ್ಧಕ್ಕೆ ಕತ್ತರಿಸಿ, ಅಥವಾ ತೆಗೆದೇಬಿಡಿ. ತಂತಿಯ ಎಳೆತಕ್ಕೇ ಸ್ಯಾಡಲ್ ಜಾಗದಲ್ಲಿ ನಿಲ್ಲುತ್ತದೆ. ನಿಮಗೆ ಬೇಕಾಗಿರುವುದು ಒಂದೂವರೆ ಮಿ.ಮೀ ಮಾತ್ರ. ಅದಕ್ಕೂ ಮುಂಚೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೋಡಿ: ಸಿಂಗಲ್ ಕಾಯಿಲ್ ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅದರ ಅಯಸ್ಕಾಂತ ದಪ್ಪ ತಂತಿಯನ್ನು ಎಳೆದು, ಒಂದೇ ಸ್ವರದಲ್ಲಿ ಎರಡು ಸ್ವರ ಕೇಳಿಸುತ್ತದೆ, ಟ್ಯೂನರ್ ಮುಳ್ಳು ನಿಲ್ಲುವುದೇ ಇಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಪಿಕಪ್‌ನ ಕಂಬಕ್ಕೂ ತಂತಿಗೂ 6ನೇ ತಂತಿಯ ಕಡೆ 2.4, 1ನೇ ತಂತಿಯ ಕಡೆ 2 ಮಿ.ಮೀ ಬಿಡಿ.

ಪ್ರಶ್ನೆ: ಗಿಟಾರ್ ಎರಡು ಮಳೆಗಾಲ ಕೇಸಿನಲ್ಲೇ ಇತ್ತು. ಸ್ಯಾಡಲ್‌ನ ಎತ್ತರದ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ. ಒಂದರ ಒಳಗುಳಿ ದುಂಡಗಾಗಿ ಅಲೆನ್ ಕೀ ಸುಮ್ಮನೆ ತಿರುಗುತ್ತದೆ. — ಮಂಗಳೂರಿನ ಓದುಗರು

ಉತ್ತರ: ಕರಾವಳಿಯ ಗಿಟಾರ್‌ಗಳಲ್ಲಿ ಇದು ಮಾಮೂಲು. ಉಪ್ಪುಗಾಳಿ, ಅದರ ಮೇಲೆ ಅಂಗೈಯ ಬೆವರು, ಆಮೇಲೆ ಗಾಳಿಯಾಡದ ಕೇಸು.

ಮೊದಲನೆಯದಾಗಿ, ನಿಮ್ಮ ಕೀ ಸರಿಯಾದದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಅಮೆರಿಕದಲ್ಲಿ ತಯಾರಾದ ಫೆಂಡರ್‌ಗಳಿಗೆ 0.050 ಇಂಚಿನ ಕೀ ಬೇಕು, ಅಂದರೆ 1.27 ಮಿ.ಮೀ. ಏಷ್ಯಾದಲ್ಲಿ ತಯಾರಾದ ಬಹುಪಾಲು ಗಿಟಾರ್‌ಗಳಿಗೆ 1.5 ಮಿ.ಮೀ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಒತ್ತಿದ್ದರಿಂದಲೇ ಎಷ್ಟೋ ಸ್ಕ್ರೂಗಳ ಗುಳಿ ಹಾಳಾಗಿರುತ್ತದೆ. ತುದಿ ಸವೆದ ಹಳೆಯ ಕೀಯನ್ನೂ ಬಳಸಬೇಡಿ.

ಸ್ಯಾಡಲ್ ಗಿಟಾರ್ ಮೇಲಿದ್ದಾಗಲೇ ಗುದ್ದಾಡಬೇಡಿ. ತಂತಿ ಬಿಚ್ಚಿ, ಹಿಂಬದಿಯ ಇಂಟೊನೇಷನ್ ಸ್ಕ್ರೂ ಬಿಚ್ಚಿ, ಸ್ಯಾಡಲ್ ಹೊರಗೆ ತನ್ನಿ. ಈಗ ಸ್ಕ್ರೂ ಸೇರುವ ಎಳೆಗೆ, ಮೇಲಿನಿಂದಲೂ ತಳದಿಂದಲೂ, ಸೂಜಿ ತುದಿಯಲ್ಲಿ ಡಬ್ಲ್ಯುಡಿ-40 ಥರದ ತುಕ್ಕು ಬಿಡಿಸುವ ಎಣ್ಣೆಯ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಗಿಟಾರ್ ಮೇಲೇ ಸ್ಪ್ರೇ ಮಾಡಿದರೆ ಅದು ಮರಕ್ಕೂ ಪಿಕಪ್‌ಗೂ ಇಳಿಯುತ್ತದೆ. ಬೆಳಿಗ್ಗೆ ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ, ಎಣ್ಣೆ ಚೆನ್ನಾಗಿ ಒರೆಸಿದ ಮೇಲೆ, ಕಿಟಕಿ ತೆರೆದಿಟ್ಟುಕೊಂಡು. ಬಿಸಿಗೆ ತುಕ್ಕಿನ ಹಿಡಿತ ಬಿಡುತ್ತದೆ. ತಣಿದ ಮೇಲೆ ಮೊದಲು ಬಿಗಿ ಮಾಡುವ ಕಡೆಗೇ ಒಂದು ಚೂರು ತಿರುಗಿಸಿ, ಆಮೇಲೆ ಸಡಿಲಿಸಿ. ಸಣ್ಣಗೆ ಟಿಕ್ ಎಂದರೆ ಗೆದ್ದಿರಿ.

ಗುಳಿ ದುಂಡಗಾದ ಸ್ಕ್ರೂನ ತಳ ಸ್ಯಾಡಲ್‌ನ ಕೆಳಗೆ ಚಾಚಿರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ಕೆಳಗಿನಿಂದಲೇ ಹೊರತೆಗೆಯಿರಿ. ಚಾಚಿಲ್ಲದಿದ್ದರೆ ಗುಳಿಗಿಂತ ಒಂದು ಚೂರು ದೊಡ್ಡದಾದ ಟಾರ್ಕ್ಸ್ (ನಕ್ಷತ್ರಾಕಾರದ ತುದಿಯ) ಬಿಟ್ ಅನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸಿ ತಿರುಗಿಸಬಹುದು. ಹೊರಬಂದ ಸ್ಕ್ರೂವನ್ನು ಎಸೆಯಿರಿ. ಏಷ್ಯಾದಲ್ಲಿ ತಯಾರಾದ ಗಿಟಾರ್ ಆದರೆ ಅದೇ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಎಂ3 ಗ್ರಬ್ ಸ್ಕ್ರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಹಾಕುವಾಗ ಎಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹುಳಿ, ನಿಂಬೆಹುಳಿ ಹಾಕಿ ಉಜ್ಜಲು ಮಾತ್ರ ಹೋಗಬೇಡಿ. ಅಗ್ಗದ ಸ್ಯಾಡಲ್‌ಗಳು ಸತುವಿನ ಎರಕ. ಮೇಲಿನ ಲೇಪ ಎಲ್ಲಿ ಎದ್ದಿದೆಯೋ ಅಲ್ಲಿಂದ ಹುಳಿ ಒಳಗಿಳಿದು ಲೋಹವನ್ನೇ ತಿನ್ನುತ್ತದೆ. ಲೇಪ ಗುಳ್ಳೆ ಎದ್ದು ಉದುರುತ್ತಿದ್ದರೆ ಅಂಥ ಸ್ಯಾಡಲ್ ಬದಲಿಸುವುದೇ ಸರಿ.

ಪ್ರಶ್ನೆ: ಸ್ಟ್ರಾಟ್ ಮಾದರಿಗೆ ಆರೂ ಸ್ಯಾಡಲ್ ಬದಲಿಸಬೇಕು. ಆನ್‌ಲೈನ್‌ನಲ್ಲಿ 10.5, 10.8, 11.3 ಎಂದು ಬೇರೆ ಬೇರೆ ಅಳತೆಗಳಿವೆ. ಯಾವುದು ತರಿಸಲಿ? — ಬೆಂಗಳೂರಿನ ಓದುಗರು

ಉತ್ತರ: ಆ ಅಂಕಿಗಳು ಒಂದು ಸ್ಯಾಡಲ್‌ನ ಅಗಲ, ಮಿಲಿಮೀಟರಿನಲ್ಲಿ. ಸ್ಯಾಡಲ್‌ಗಳು ಒಂದಕ್ಕೊಂದು ಒತ್ತಿಕೊಂಡು ಕೂರುವುದರಿಂದ ಅವುಗಳ ಅಗಲವೇ ತಂತಿಗಳ ನಡುವಿನ ಅಂತರ. ಗಿಟಾರ್ ಮೇಲೆ 1ನೇ ತಂತಿಯ ನಡುವಿನಿಂದ 6ನೇ ತಂತಿಯ ನಡುವಿಗೆ ಸ್ಯಾಡಲ್ ಹತ್ತಿರವೇ ಅಳೆದು 5ರಿಂದ ಭಾಗಿಸಿ. 52.5 ಮಿ.ಮೀ ಬಂದರೆ 10.5, 54 ಬಂದರೆ 10.8, 56 ದಾಟಿದರೆ 11.3. ಮುಂಭಾಗದಲ್ಲಿ ಆರು ಸ್ಕ್ರೂ ಇರುವ ಹಳೆಯ ವಿನ್ಯಾಸದ ಫೆಂಡರ್ ಟ್ರೆಮೊಲೊ (ಸ್ವರ ಅಲುಗಿಸಲು ಓಲಾಡುವ ಬ್ರಿಡ್ಜ್) ಸಾಮಾನ್ಯವಾಗಿ ಅಗಲದ್ದು, ಎರಡು ಕಂಬದ ಮೇಲೆ ನಿಲ್ಲುವ ಹೊಸದು ಕಿರಿದು. ಇದನ್ನು ನಿಯಮ ಎಂದುಕೊಳ್ಳದೆ ಅಳೆದೇ ತರಿಸಿ. ಅಗಲದ್ದು ತಂದರೆ ಆರನೆಯದು ಜಾಗದಲ್ಲಿ ಕೂರುವುದೇ ಇಲ್ಲ. ಕಿರಿದು ತಂದರೆ ನಡುವೆ ಸಂದು ಬಿದ್ದು, ಜೋರಾಗಿ ಮೀಟಿದಾಗ ಸ್ಯಾಡಲ್ ಪಕ್ಕಕ್ಕೆ ಜಾರುತ್ತದೆ.

ಎರಡನೇ ಬಲೆ ಸ್ಕ್ರೂ ಎಳೆ. ಅಮೆರಿಕದ ಭಾಗಗಳು 4-40 ಎಂಬ ಇಂಚಿನ ಎಳೆಯವು, ಏಷ್ಯಾದವು ಎಂ3. ವ್ಯಾಸ 2.84 ಮತ್ತು 3 ಮಿ.ಮೀ, ಕಣ್ಣಿಗೆ ಒಂದೇ. ಬೇರೆ ಎಳೆಯ ಸ್ಕ್ರೂ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ಹೊಸ ಸ್ಯಾಡಲ್ ಅಂದೇ ಹಾಳು. ಸ್ಯಾಡಲ್, ಸ್ಪ್ರಿಂಗ್, ಎರಡೂ ಬಗೆಯ ಸ್ಕ್ರೂ ಸೇರಿರುವ ಪೂರ್ತಿ ಸೆಟ್ಟನ್ನೇ ಕೊಳ್ಳಿ.

ಹಾಕುವಾಗ ಒಂದೊಂದೇ ಬದಲಿಸಿ. ಆರೂ ತಂತಿ ಒಮ್ಮೆಗೇ ಬಿಚ್ಚಿದರೆ ಟ್ರೆಮೊಲೊ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಎಳೆದುಕೊಂಡು ಸಮತೋಲ ತಪ್ಪುತ್ತದೆ. ಬಿಚ್ಚಲೇಬೇಕಾದರೆ ಹಿಂಬದಿಯ ಗೂಡಿನಲ್ಲಿ ಉಕ್ಕಿನ ದಿಮ್ಮಿಗೂ ಮರಕ್ಕೂ ನಡುವೆ ಸರಿಯಾಗಿ ಹಿಡಿಯುವ ಮರದ ತುಂಡು ಕೊಡಿ. ಬಿಚ್ಚುವ ಮುಂಚೆ ಪಕ್ಕದಿಂದ ಒಂದು ಫೋಟೊ, ಪ್ರತಿ ಸ್ಯಾಡಲ್‌ನ ಎತ್ತರದ ಅಳತೆ ಬರೆದಿಟ್ಟುಕೊಳ್ಳಿ. ಎತ್ತರದ ಸ್ಕ್ರೂಗಳಲ್ಲಿ ಉದ್ದ, ಗಿಡ್ಡ ಎರಡು ಬಗೆ ಬಂದಿದ್ದರೆ ಗಿಡ್ಡದ್ದು 1 ಮತ್ತು 6ನೇ ತಂತಿಗೆ. ಅಲ್ಲಿ ಉದ್ದದ್ದು ಹಾಕಿದರೆ ತುದಿ ಮೇಲೆದ್ದು ಅಂಗೈ ಕೆರೆಯುತ್ತದೆ.

ಸಾಲಿನ ಕಮಾನು ಫಿಂಗರ್‌ಬೋರ್ಡ್‌ನ ಕಮಾನಿಗೆ ಹೊಂದಬೇಕು. 9.5 ಇಂಚು ರೇಡಿಯಸ್, 52.5 ಮಿ.ಮೀ ಅಂತರದಲ್ಲಿ ಹೊರಗಿನ ಎರಡು ತಂತಿಗಳಿಗಿಂತ 2 ಮತ್ತು 5ನೆಯವು ಸುಮಾರು 0.9 ಮಿ.ಮೀ, 3 ಮತ್ತು 4ನೆಯವು 1.4 ಮಿ.ಮೀ ಎತ್ತರದಲ್ಲಿರುತ್ತವೆ. ರಟ್ಟಿನಲ್ಲಿ ಕಮಾನು ಕತ್ತರಿಸಿ ತಂತಿಗಳ ಮೇಲಿಟ್ಟು ನೋಡಿದರೂ ಗೊತ್ತಾಗುತ್ತದೆ. ಕೊನೆಗೆ 1ನೇ ತಂತಿಯ ಸ್ಯಾಡಲ್‌ ಅನ್ನು ನಟ್‌ನಿಂದ 648 ಮಿ.ಮೀಗೆ ತಂದು, ಅಂದರೆ ನಟ್‌ನಿಂದ 12ನೇ ಫ್ರೆಟ್‌ಗೆ ಇರುವ 324ರ ಎರಡರಷ್ಟಕ್ಕೆ ತಂದು, ಅಲ್ಲಿಂದ ಹುಬ್ಬಳ್ಳಿಯವರಿಗೆ ಹೇಳಿದ ರೀತಿ ಹೊಂದಿಸಿ.

ಹಿತ್ತಾಳೆಯೋ ಉಕ್ಕೋ ಟೈಟೇನಿಯಮ್ಮೋ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಸದ್ದಿನ ವ್ಯತ್ಯಾಸ ಇದ್ದರೂ ಸರಿಯಾಗಿ ಕೂರದ ಸ್ಯಾಡಲ್ ಮಾಡುವ ಹಾನಿಯ ಮುಂದೆ ಅದು ಚಿಕ್ಕದು.

ಪ್ರಶ್ನೆ: 1ನೇ ತಂತಿ ಪದೇಪದೇ ಸ್ಯಾಡಲ್ ಹತ್ತಿರವೇ ತುಂಡಾಗುತ್ತದೆ. — ಶಿವಮೊಗ್ಗದ ಓದುಗರು

ಉತ್ತರ: ತುಂಡಾದ ತಂತಿಯನ್ನು ಹಿಡಿದು ಎಲ್ಲಿ ಕಡಿದಿದೆ ನೋಡಿ. ಸ್ಯಾಡಲ್‌ನ ತುದಿಯಲ್ಲೇ ಆದರೆ ಅಲ್ಲೊಂದು ಮುಳ್ಳು ಎದ್ದಿರುತ್ತದೆ. ಹತ್ತಿಯ ಎಳೆಯೊಂದನ್ನು ಅದರ ಮೇಲೆ ಎಳೆಯಿರಿ, ಸಿಕ್ಕಿಕೊಂಡರೆ ಅದೇ ಜಾಗ. 1000 ನಂಬರಿನ ಮರಳು ಕಾಗದವನ್ನು ನೆನೆಸಿ, ದಾರದಷ್ಟು ತೆಳುವಾಗಿ ಮಡಿಸಿ, ತಂತಿ ಹೋಗುವ ದಿಕ್ಕಿನಲ್ಲೇ ಉಜ್ಜಿ. ಆಮೇಲೆ 2000 ನಂಬರು. ಹಳೆಯ ದಪ್ಪ ತಂತಿಯ ತುಂಡಿಗೆ ಮೆಟಲ್ ಪಾಲಿಷ್ ಹಚ್ಚಿ ಎಳೆದಾಡಿದರೆ ಹೊಳಪು ಬರುತ್ತದೆ. ಕೊನೆಗೆ 2ಬಿ ಪೆನ್ಸಿಲ್ ಸೀಸ ಉಜ್ಜಿ. ತಂತಿ ಕಡಿದದ್ದು ಸ್ಯಾಡಲ್‌ನಿಂದ ಒಂದಿಷ್ಟು ಕೆಳಗೆ ಆಗಿದ್ದರೆ ಅದು ಬ್ರಿಡ್ಜ್ ತಗಡಿನ ತೂತಿನ ಅಂಚು. ಅದನ್ನೂ ಹೀಗೆಯೇ ನುಣುಪು ಮಾಡಿ. ಗೀರು ತಂತಿಯ ದಪ್ಪಕ್ಕಿಂತ ಆಳಕ್ಕೆ ಇಳಿದಿದ್ದರೆ ಸ್ಯಾಡಲ್ ಬದಲಿಸಿ.

ಪ್ರಶ್ನೆ: ಲೆಸ್ ಪಾಲ್ ಮಾದರಿಗೆ ಹೊಸ ಸ್ಯಾಡಲ್ ತಂದೆ. ತಂತಿ ಕೂರಲು ಗೀರೇ ಇಲ್ಲ, ಎತ್ತರದ ಸ್ಕ್ರೂ ಸಹ ಇಲ್ಲ. ದೋಷದ ಮಾಲೇ? — ಧಾರವಾಡದ ಓದುಗರು

ಉತ್ತರ: ಅಲ್ಲ. ಗಿಬ್ಸನ್ 1954ರಲ್ಲಿ ತಂದ ಟ್ಯೂನ್-ಒ-ಮ್ಯಾಟಿಕ್ ಬ್ರಿಡ್ಜ್‌ನ ರೀತಿಯೇ ಇದು. ಇಡೀ ಬ್ರಿಡ್ಜ್ ಎರಡು ಚಕ್ರಗಳ ಮೇಲೆ ಏರಿಳಿಯುತ್ತದೆ. ಒಂದೊಂದು ತಂತಿಯ ಎತ್ತರ ನೀವು ಕೊರೆಯುವ ಗೀರಿನ ಆಳದಿಂದ ಬರುತ್ತದೆ. ಹಾಗಾಗಿ ಆತುರ ಬೇಡ, ಕೊರೆದದ್ದನ್ನು ಮರಳಿ ತುಂಬಲಾಗದು.

ತಂತಿಗಳನ್ನು ಅರ್ಧ ಬಿಗಿಯಲ್ಲಿ ಕೂರಿಸಿ, ಎರಡು ಹೊರ ತಂತಿಗಳು ಫಿಂಗರ್‌ಬೋರ್ಡ್ ಅಂಚಿನಿಂದ ಸಮ ದೂರದಲ್ಲಿ ಬರುವಂತೆ ಸರಿಸಿ, ಉಳಿದವನ್ನು ಸಮವಾಗಿ ಹಂಚಿ ಪೆನ್ಸಿಲ್ ಗುರುತು ಹಾಕಿ. ತಂತಿಯ ದಪ್ಪಕ್ಕಿಂತ ಕೂದಲಷ್ಟು ಅಗಲದ ನಟ್ ಫೈಲ್‌ನಿಂದ ಕೊರೆಯಿರಿ. ಗೀರು ಹಿಂಬದಿಗೆ, ಅಂದರೆ ತಂತಿಗಳ ಬುಡ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ, ಇಳಿಜಾರಾಗಿರಬೇಕು. ತಂತಿ ಸ್ಯಾಡಲ್ ಬಿಡುವುದು ಕುತ್ತಿಗೆಯ ಕಡೆಯ ಚೂಪಾದ ಅಂಚಿನಲ್ಲೇ ಆಗಬೇಕು. ಗೀರು ಮಟ್ಟಸವಾದರೆ ತಂತಿ ಅದರ ನೆಲಕ್ಕೆ ತಾಗುತ್ತಾ ಸಿತಾರಿನ ಹಾಗೆ ಝೇಂಕರಿಸುತ್ತದೆ. ದಪ್ಪ ತಂತಿಗೆ ಅದರ ಅರ್ಧದಷ್ಟು ಆಳ ಸಾಕು.

ಸ್ಯಾಡಲ್‌ನ ತುದಿ ನಡುವೆ ಇರದೆ ಒಂದು ಪಕ್ಕಕ್ಕಿರುತ್ತದೆ. ಇಂಟೊನೇಷನ್‌ಗೆ ಜಾಗ ಸಾಲದಿದ್ದರೆ ಆ ಸ್ಯಾಡಲ್‌ ಅನ್ನು ತಿರುಗಿಸಿ ಹಾಕಿದರೆ ಒಂದೆರಡು ಮಿ.ಮೀ ಸಿಗುತ್ತದೆ. ಆದರೆ ಗೀರು ಕೊರೆಯುವ ಮುಂಚೆ ಅದನ್ನು ತೀರ್ಮಾನಿಸಿ. ಚಕ್ರ ತಿರುಗಿಸುವಾಗ ತಂತಿ ಸಡಿಲಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಟೆಲಿಕಾಸ್ಟರ್ ಮಾದರಿಗೆ ಗ್ರಾಫೈಟ್ ಬಗೆಯ ಸ್ಯಾಡಲ್ ಹಾಕಿಸಿದ ಮೇಲೆ ಆಂಪ್‌ನಲ್ಲಿ ಗುಂಯ್ ಸದ್ದು ಹೆಚ್ಚಾಗಿದೆ. ಮೊದಲು ತಂತಿ ಮುಟ್ಟಿದರೆ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. — ದುಬೈಯಿಂದ ಓದುಗರು

ಉತ್ತರ: ವೈರಿಂಗ್ ಕೆಟ್ಟಿಲ್ಲ. ತಂತಿ ಅರ್ತ್ ಆಗುತ್ತಿದ್ದ ದಾರಿ ಮುಚ್ಚಿದೆ. ಬ್ರಿಡ್ಜ್ ತಗಡಿಗೆ ಒಳಗಿನಿಂದ ಅರ್ತ್ ಸಂಪರ್ಕವಿದೆ, ಅಲ್ಲಿಂದ ಲೋಹದ ಸ್ಯಾಡಲ್ ಮೂಲಕ ತಂತಿಗೆ. ಸ್ಟ್ರಾಟ್‌ನಲ್ಲಿ ತಂತಿಯ ಬುಡದ ಗುಂಡು ಉಕ್ಕಿನ ದಿಮ್ಮಿಗೇ ತಾಗುವುದರಿಂದ ಸ್ಯಾಡಲ್ ಯಾವುದಾದರೂ ನಡೆಯುತ್ತದೆ. ಟೆಲಿಯಲ್ಲಿ ತಂತಿ ಮರದ ಹಿಂಬದಿಯಿಂದ ಬರುತ್ತದೆ. ಅಲ್ಲಿನ ಲೋಹದ ಬಳೆಗಳಿಗೆ ಅರ್ತ್ ಇಲ್ಲ, ನಿಮ್ಮ ಹೊಸ ಸ್ಯಾಡಲ್ ವಿದ್ಯುತ್ ಹರಿಸದು. ಬ್ರಿಡ್ಜ್ ತಗಡನ್ನೇ ಮುಟ್ಟಿ ನೋಡಿ, ಸದ್ದು ಇಳಿದರೆ ಇದೇ ಕಾರಣ. ಮಲ್ಟಿಮೀಟರ್ ಇದ್ದರೆ ತಂತಿಗೂ ಜ್ಯಾಕ್‌ನ ಹೊರ ತೋಳಿಗೂ ಸಂಪರ್ಕ ಪರೀಕ್ಷಿಸಿ. ನಿಮ್ಮ ಬ್ರಿಡ್ಜ್ ತಗಡಿನ ಹಿಂದಿನ ಅಂಚಿನಲ್ಲಿ ತೂತುಗಳಿದ್ದರೆ ತಂತಿಯನ್ನು ಅಲ್ಲಿಂದ ಪೋಣಿಸಿ, ಗುಂಡು ತಗಡಿಗೆ ತಾಗುತ್ತದೆ. ಇಲ್ಲದಿದ್ದರೆ ಹಿತ್ತಾಳೆಯ ಸ್ಯಾಡಲ್‌ಗೆ ಮರಳಿ. ಮೂರೇ ಸ್ಯಾಡಲ್‌ನ ಬ್ರಿಡ್ಜ್ ಆದರೆ ಓರೆಯಾಗಿ ಕೊರೆದವನ್ನು ಕೊಳ್ಳಿ. ಒಂದೇ ಸ್ಯಾಡಲ್ ಎರಡು ತಂತಿಗೆ ಹೊಂದಿಕೊಳ್ಳುವ ಕಷ್ಟ ಅದರಿಂದ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡುತ್ತೇನೆ. ಗಮಕಕ್ಕೆ 1 ಮತ್ತು 2ನೇ ತಂತಿಯನ್ನು ಎಳೆದಾಗ 12ನೇ ಫ್ರೆಟ್‌ನ ಮೇಲೆ ಸ್ವರ ಸತ್ತುಹೋಗುತ್ತದೆ. ಶ್ರುತಿಯನ್ನು ಎರಡು ಅರ್ಧಸ್ವರ ಇಳಿಸಿಕೊಂಡಿದ್ದೇನೆ. — ತುಮಕೂರಿನ ಓದುಗರು

ಉತ್ತರ: ಫಿಂಗರ್‌ಬೋರ್ಡ್ ಕಮಾನು ಜಾಸ್ತಿ ಇದ್ದಷ್ಟೂ, ಮುಖ್ಯವಾಗಿ ಹಳೆಯ ವಿನ್ಯಾಸದ 7.25 ಇಂಚು ರೇಡಿಯಸ್‌ನಲ್ಲಿ, ಪಕ್ಕಕ್ಕೆ ಎಳೆದ ತಂತಿ ಕಮಾನಿನ ನಡುಭಾಗದ ಫ್ರೆಟ್‌ಗಳಿಗೆ ತಾಗಿ ಸಾಯುತ್ತದೆ. ತೆಳು ತಂತಿಗಳ ಸ್ಯಾಡಲ್‌ ಅನ್ನು ಅರ್ಧ ಸುತ್ತು ಎತ್ತಿ, ಅತಿ ಉದ್ದದ ಗಮಕವನ್ನು ಎಳೆದು ನೋಡಿ, ಸಾಲದಿದ್ದರೆ ಇನ್ನರ್ಧ ಸುತ್ತು. 17ನೇ ಫ್ರೆಟ್‌ನಲ್ಲಿ 1.6 ಮಿ.ಮೀ ಎಂಬ ಅಂಕಿ ನಿಮ್ಮ ವಾದನಕ್ಕೆ ಕಡಿಮೆಯೇ ಆದೀತು. ಒಂದೇ ಫ್ರೆಟ್‌ನಲ್ಲಿ ಮಾತ್ರ ಸಾಯುತ್ತಿದ್ದರೆ ಅದರ ಮುಂದಿನ ಯಾವುದೋ ಫ್ರೆಟ್ ಎದ್ದು ನಿಂತಿದೆ, ಸ್ಯಾಡಲ್‌ನಿಂದ ಪರಿಹಾರವಿಲ್ಲ.

ಶ್ರುತಿ ಎರಡು ಅರ್ಧಸ್ವರ ಇಳಿಸಿದಾಗ ತಂತಿಯ ಬಿಗಿ ಶೇ 20ರಷ್ಟು ಇಳಿಯುತ್ತದೆ. ಸಡಿಲ ತಂತಿ ಅಗಲವಾಗಿ ಕಂಪಿಸಿ ಫ್ರೆಟ್‌ಗೆ ತಾಗುತ್ತದೆ, ಬೆರಳೊತ್ತಿದಾಗ ಸ್ವರವೂ ಹೆಚ್ಚು ಏರುತ್ತದೆ. ತಂತಿಯ ಗೇಜ್ ಒಂದು ಹಂತ ದಪ್ಪ ಮಾಡಿ, ಅಂದರೆ 9 ಇದ್ದರೆ 10, 10 ಇದ್ದರೆ 11. ಕುತ್ತಿಗೆಯ ಬಾಗು ಮತ್ತೆ ಅಳೆಯಿರಿ, ಇಂಟೊನೇಷನ್ ಹೊಸದಾಗಿ ಮಾಡಿ, ನೀವು ನುಡಿಸುವ ಶ್ರುತಿಯಲ್ಲೇ.

ಪ್ರಶ್ನೆ: ಫ್ಲಾಯ್ಡ್ ರೋಸ್ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿಯ ಎತ್ತರ ಹೇಗೆ ಬದಲಿಸುವುದು? — ಬೆಳಗಾವಿಯ ಓದುಗರು

ಉತ್ತರ: ಅದಕ್ಕೆ ಸ್ಕ್ರೂ ಇಲ್ಲ. ಸ್ಯಾಡಲ್‌ಗಳೇ ಬೇರೆ ಬೇರೆ ಎತ್ತರದಲ್ಲಿ ಬರುತ್ತವೆ. ಬಿಚ್ಚಿದಾಗ ಅದಲುಬದಲು ಆಗದಂತೆ ಸಾಲಾಗಿ ಇಟ್ಟುಕೊಳ್ಳಿ. ಇನ್ನೂ ಎತ್ತರ ಬೇಕಾದರೆ ಸ್ಯಾಡಲ್ ಕೆಳಗೆ ತೆಳು ಉಕ್ಕಿನ ತಗಡಿನ ತುಂಡು ಕೊಡಬೇಕು. ಹಳೆಯ ಫೀಲರ್ ಗೇಜ್‌ನ 0.2 ಮಿ.ಮೀ ಎಲೆ ಕತ್ತರಿಸಿ ಬಳಸಬಹುದು, ಅಂಚು ಉಜ್ಜಿ ಮೊಂಡು ಮಾಡಿ. ಇಂಟೊನೇಷನ್‌ಗೆ ತಂತಿ ಪೂರ್ತಿ ಸಡಿಲಿಸಿ, ಸ್ಯಾಡಲ್ ಬೋಲ್ಟ್ ಬಿಚ್ಚಿ, ಕೈಯಿಂದ ಸರಿಸಿ ಮತ್ತೆ ಬಿಗಿ ಮಾಡಬೇಕು. ಬಿಗಿ ತಂತಿಯಿರುವಾಗ ಆ ಬೋಲ್ಟ್ ಬಿಚ್ಚಿದರೆ ಸ್ಯಾಡಲ್ ಛಂಗನೆ ಮುಂದಕ್ಕೆ ಹಾರಿ ಬೆರಳಿಗೆ ಬಡಿಯುತ್ತದೆ.